ಈರಯ್ಯನ ಮೀಸೆ

ಕಂಪನಿ ನಾಟಕದಲ್ಲಿ ಹೆಂಗಸರೇ ಹೆಣ್ಣುಪಾತ್ರ ಮಾಡುವುದು ಆಗಿನ್ನೂ ಹೊಸತು. ಖಾನಾಪುರ ಸ್ಟೇಷನ್ನಿನಲ್ಲಿ ಬೆಳಗಾವಿ ಗಾಡಿ ಕಾಯುತ್ತಿದ್ದ ಗುಮಾಸ್ತ ಮಧುಕರನ ಬೆನ್ನಿಗೇ ಹೊಸ ನಟಿ ತುಂಗವ್ವನೂ ಹಳೆಯ ಸ್ತ್ರೀಪಾತ್ರಧಾರಿ ಈರಯ್ಯನೂ ಕುಳಿತಿದ್ದರು. ಬೇಡವೆಂದರೂ ಮಾತು ಅವನ ಕಿವಿಗೆ ಬೀಳುತ್ತಿತ್ತು.

“ನಿನ್ನೆ ರಾಣಿಯಾಗಿ ಮಗನ ಹೆಣದ ಮುಂದ ಖರೇನ ಅತ್ತೆ ಮಾಸ್ತರ. ಮಂದಿ ನಕ್ರು.”

“ಮೂಗು ಸೋರಿಸ್ಕೋತ ಅತ್ರ ನಗದ ಏನ್ ಮಾಡ್ತಾರ?”

“ಮುಂದ ಕುಂತಾಕಿ ಅಂದ್ಲು, ಇಕಿಗಿಂತ ಆ ಗಂಡಸನ ಚಲೋ ಹೆಂಗಸಾಗಿದ್ದ ಅಂತ. ಹೆಣ್ಣಾಗಿ ಹುಟ್ಟಿ ಇಪ್ಪತ್ತೆರಡು ವರ್ಷ ಆತು, ಇನ್ನೂ ಬರವಲ್ದು ನೋಡ್ರಿ ನನಗ.”

“ಬೆಳಗಾವ್ಯಾಗೂ ನಕ್ರ, ಮಾಲಕ್ರು ನಿನ್ನ ಮನಿಗೆ ಕಳಸ್ತಾರ, ನನ್ನ ಮೀಸಿ ಬೋಳಸ್ತಾರ. ಹದಿನೈದು ವರ್ಷ ಸೀರಿ ಉಟ್ಟು ಈಗ ಮೀಸಿ ಬಿಟ್ಟೀನವ್ವಾ. ಹೆಂಡ್ತಿ ಸೈತ ‘ಈಗ ಗಂಡಸಾದ್ರಿ’ ಅಂದಾಳ.”

“ಹಂಗಾರ ಒಮ್ಮೆ ಅತ್ತು ತೋರಸ್ರಿ. ಕಲೀತೀನಿ.”

ಈರಯ್ಯ ಅತ್ತಿತ್ತ ನೋಡಿದ. ಹೆಗಲ ಮೇಲಿನ ಶಲ್ಯವನ್ನು ತಲೆತುಂಬ ಹೊದ್ದು, ಅಂಚನ್ನು ಬಾಯಿಗೊತ್ತಿಕೊಂಡು, ಒಂದೇ ಸಲ “ಕಂದಾ…” ಎಂದ.

ಗುಂಜಿಗೆ ಹೊರಟಿದ್ದ ಮುದುಕಿಯೊಬ್ಬಳು ಹಿಂದಿನಿಂದ ಬಂದು ಅವನ ಬೆನ್ನು ಸವರಿದಳು. “ಯಾರು ಹೋದ್ರು ತಂಗಿ?”

ಈರಯ್ಯ ತಿರುಗಿದ. ಮುದುಕಿ ಆ ಮೀಸೆ ಕಂಡು ಎರಡು ಹೆಜ್ಜೆ ಹಿಂದೆ ಸರಿದಳು. ಮಧುಕರ ತನ್ನ ಕಣ್ಣಿಗೆ ಇಂಜಿನ್ನಿನ ಕಸ ಬಿದ್ದಿದೆ ಎಂದುಕೊಂಡು ಒರೆಸಿಕೊಂಡ. ಗಾಡಿ ಇನ್ನೂ ಬಂದಿರಲಿಲ್ಲ.

ಅದು ಬಂದಾಗ ತುಂಗವ್ವ ಟ್ರಂಕು ಎತ್ತಿಕೊಂಡು ಎದ್ದಳು.

“ಹೋತ್ ಬಿಡ್ರಿ ಮಾಸ್ತರ, ನಿಮ್ಮ ಮೀಸಿ.”