ಲೋಟದೊಳಗಿನ ನೀರು

ಆರುನೂರ ಐವತ್ತು ಯೂರೋ. ಒಂದು ಹಳೇ ಉಕ್ಕಿನ ಲೋಟಕ್ಕೆ! ನಮ್ಮ ಪಕ್ಕದ ಮನೆ ಹ್ಯೂಬ್ ಹಳೇ ಸಾಮಾನಿನ ವ್ಯಾಪಾರಿ. ಯಾವುದೋ ರೈತರ ಮನೆ ಖಾಲಿ ಮಾಡುವಾಗ ಅದನ್ನು ನಲವತ್ತಕ್ಕೆ ಎತ್ತಿದ್ದ. ನಾನೂ ವ್ಯಾಪಾರದವನೇ, ಇಂಥ ಲಾಭ ದಿನಾ ಬರುವುದಿಲ್ಲ. ಮುಂದಿನದನ್ನು ನಂಬಿದರೆ ನಂಬಿ, ಬಿಟ್ಟರೆ ಬಿಡಿ... ನಡೆದದ್ದು ಮಾತ್ರ ನಿಜ.

ಹಿಡಿ ಮಡಚುವಂಥ, ಅಮೆರಿಕದ ಸಿಪಾಯಿಗಳ ಲೋಟ. ತಳದಲ್ಲಿ ಮೊಳೆಯಿಂದ ಗೀಚಿದ ಹೆಸರು: ಆರ್ವಿಲ್ ಟ್ಯಾಕೆಟ್. ಹ್ಯೂಬ್‌ಗೆ ಈ ಹೆಸರು ಹೊಸದಲ್ಲ. ಅವನ ಅಮ್ಮ ಫೀನ್ ಹೂವಿಟ್ಟು ನೋಡಿಕೊಳ್ಳುವ ಗೋರಿ ಅದೇ ಆರ್ವಿಲನದು. ಯುದ್ಧದಲ್ಲಿ ಸತ್ತ ಅಮೆರಿಕದ ಸಿಪಾಯಿಗಳ ಗೋರಿಗಳನ್ನು ನಮ್ಮೂರ ಒಂದೊಂದು ಮನೆಯವರು ನೋಡಿಕೊಳ್ಳುತ್ತಾರೆ; ಆ ಹೊಣೆ ಅವಳಿಗೆ ಅವಳಮ್ಮನಿಂದ ಬಂದದ್ದು. ಸಾವಿರದ ಒಂಬೈನೂರ ನಲವತ್ತನಾಲ್ಕರಲ್ಲಿ ನಮ್ಮೂರ ಬಾವಿಗೆ ನೀರಿಗೆಂದು ಹೋದ ಆರ್ವಿಲ್ ಗುಂಡು ತಿಂದು ಸತ್ತ. ಅಮೆರಿಕದ ಕೆಂಟಕಿಯಲ್ಲಿರುವ ಅವನ ತಂಗಿ ಲೊರೀನ್ ಪ್ರತಿ ಕ್ರಿಸ್‌ಮಸ್‌ಗೂ ಕೇಳಿ ಬರೆಯುತ್ತಾಳೆ, ಅಣ್ಣ ಮುಟ್ಟಿದ್ದು ಏನಾದರೂ ಸಿಕ್ಕಿತಾ ಅಂತ. ಪ್ರತಿ ಸಲವೂ "ಇಲ್ಲ" ಅಂತ ಫೀನ್ ಉತ್ತರ ಬರೆಯುತ್ತಾಳೆ.

ಹ್ಯೂಬ್ ಅಮ್ಮನಿಗೆ ಲೋಟದ ಸುದ್ದಿ ಎತ್ತಲಿಲ್ಲ. ಗಡಿಯಾಚೆಯ ಲೀಜ್ ಪಟ್ಟಣದ ಗಿರಾಕಿಗೆ ಫೋಟೋ ಕಳಿಸಬೇಕು, ಫೋಟೋದಲ್ಲಿ ಅಕ್ಷರವೋ ಕಾಣದು. ಅಮ್ಮನ ಡ್ರಾಯರಿನಲ್ಲಿ, ಯುದ್ಧಕ್ಕೆ ಅಮೆರಿಕದವರು ಬಂದಿಳಿದ ನಾರ್ಮಂಡಿ ಕಡಲತೀರದ ಮರಳಿತ್ತು. ಮೇ ತಿಂಗಳಲ್ಲಿ, ಸತ್ತ ಸಿಪಾಯಿಗಳನ್ನು ನೆನೆಯುವ ದಿನ, ಅದನ್ನು ಗೋರಿಕಲ್ಲಿನ ಹೆಸರಿಗೆ ತಿಕ್ಕಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ, ಅಕ್ಷರ ಹೊನ್ನಿನಂತೆ ಏಳುತ್ತದೆ. ಹ್ಯೂಬ್ ಅದನ್ನೇ ಲೋಟಕ್ಕೆ ತಿಕ್ಕಿದ. ಒಂದೇ ಗಂಟೆಯಲ್ಲಿ ವ್ಯಾಪಾರ ಕುದುರಿತು.

ಆ ರಾತ್ರಿ ಹ್ಯೂಬ್ ಊರ ಬ್ಯಾಂಡಿನ ತಾಲೀಮು ಮುಗಿಸಿ ಅದೇ ಬಾವಿ ದಾಟುತ್ತಿದ್ದ. ಅದಕ್ಕೆ ಹಗ್ಗವಿಲ್ಲ, ಬಾಯಿಗೆ ಕಬ್ಬಿಣದ ಜಾಲರಿ. ಆದರೂ ರಾಟೆಯ ಸದ್ದು... ಕಿರ್ರ್... ಕಿರ್ರ್... ಆಮೇಲೆ ಕಲ್ಲಿನ ಮೇಲೆ ಹನಿ... ತಪ್... ತಪ್...

"ಲೋಟ ಕೊಡ್ತೀಯಾ?" ಕಿವಿಯ ಬುಡದಲ್ಲೇ ಪಿಸುಮಾತು. ಇಂಗ್ಲಿಷಿನಲ್ಲಿ.

ವ್ಯಾಪಾರಿಯ ನಾಲಿಗೆ ನೋಡಿ! "ಮಾರಿ ಆಯ್ತು" ಅಂದುಬಿಟ್ಟ.

ಸದ್ದು ನಿಂತಿತು. ಸುತ್ತ ಯಾರೂ ಇಲ್ಲ.

ಮನೆಗೆ ಬಂದರೆ ಕಪಾಟಿನಲ್ಲಿದ್ದ ಲೋಟದಲ್ಲಿ ಒಂದು ಬೆರಳು ನೀರು... ಚೆಲ್ಲಿದ, ಒರೆಸಿದ, ಬೆಳಿಗ್ಗೆ ಅಂಚೆಗೆ ಹಾಕಿದ. ನಾಲ್ಕನೇ ದಿನ ಗಿರಾಕಿಯಿಂದ ವಾಪಸ್ಸು, ಒಳಗೆ ನೀರು. ಮತ್ತೆ ಒರೆಸಿ, ಪ್ಲಾಸ್ಟಿಕ್ಕಿನಲ್ಲಿ ಮೂರು ಸುತ್ತು ಸುತ್ತಿ ಕಳಿಸಿದ. ಮತ್ತೆ ವಾಪಸ್ಸು, ಜೊತೆಗೆ ಫೋನು:

"ಏನ್ರೀ, ಲೋಟ ಕೇಳಿದ್ರೆ ಬಾವೀನೇ ಕಳಿಸ್ತೀರಾ?"

ರೇಗಿಹೋಯಿತು ಹ್ಯೂಬ್‌ಗೆ. ತಾನೇ ಕಾರು ಹತ್ತಿದ. ಡಬ್ಬಿ ಒಣಗಿತ್ತು, ಸೀಟು ಒಣಗಿತ್ತು. ಗಿರಾಕಿಯ ಮೇಜಿನ ಮೇಲೆ ಬಿಚ್ಚಿದರೆ ಲೋಟದಲ್ಲಿ ಮಾತ್ರ ಕಂಠಮಟ್ಟ ನೀರು! ಚೆಲ್ಲಿ ಅವನ ಕಾಗದಪತ್ರವೆಲ್ಲ ತೊಯ್ದುಹೋಯಿತು.

"ದಮ್ಮಯ್ಯ, ಇದನ್ನ ತಗೊಂಡು ಹೋಗಿ" ಅಂದ ಗಿರಾಕಿ.

ಹ್ಯೂಬ್ ಮನೆಗೆ ಬಂದು ಸಿಟ್ಟಿನಲ್ಲಿ ಲೋಟವನ್ನು ಅಡುಗೆಮನೆ ಮೇಜಿಗೆ ಕುಕ್ಕಿದ. ಠಣ್! ಫೀನ್ ಕನ್ನಡಕ ಏರಿಸಿ ತಳ ನೋಡಿದಳು. ಅಕ್ಷರದ ಮೇಲೆ ಬೆರಳಾಡಿಸಿದಳು, ಮರಳು ಅಂಟಿತು.

"ನನ್ನ ಮರಳು ತಿಕ್ಕಿದೀಯಾ?"

"ಅಮ್ಮಾ, ಆರುನೂರ ಐವತ್ತು..."

"ಲೊರೀನ್‌ಗೆ ಎಂಬತ್ತಾರು ಕಣೋ. ನಲವತ್ತು ವರ್ಷದಿಂದ ಕೇಳ್ತಿದಾಳೆ. ಈ ಕ್ರಿಸ್‌ಮಸ್‌ಗೂ ಇಲ್ಲ ಅಂತ ಬರೀಲಾ? ನೀನೇ ಹೇಳು, ಬರ್ಕೋತೀನಿ."

ಹ್ಯೂಬ್ ಲೋಟ ಎತ್ತಿಕೊಂಡ. ಬೆಳಿಗ್ಗೆ ನನ್ನ ಅಂಗಡಿಗೆ ಬಂದ, ಮುಖ ಗಂಟು.

"ಗಟ್ಟಿ ಡಬ್ಬಿ ಕೊಡು ಮಾರಾಯ. ಅಮೆರಿಕಕ್ಕೆ."

ಲೋಟ ಒರೆಸಿ ಡಬ್ಬಿಗಿಟ್ಟು ಟೇಪು ಸುತ್ತಿದವನು ನಾನೇ. ಒಳಗೆ ಒಂದು ಹನಿ ನೀರಿರಲಿಲ್ಲ, ಇದೇ ಕೈಯಿಂದ ಮುಟ್ಟಿ ನೋಡಿದ್ದೇನೆ.

ಆಮೇಲೆ ರಾಟೆಯ ಸದ್ದು ಯಾರಿಗೂ ಕೇಳಿಸಿಲ್ಲ. ಹ್ಯೂಬ್ ಈಗಲೂ ಗೊಣಗುತ್ತಾನೆ, ಲೆಕ್ಕ ಅವನಿಗೆ ಬಾಯಿಪಾಠ. ಲೋಟಕ್ಕೆ ನಲವತ್ತು, ಲೀಜ್ ಅಂಚೆ ಎರಡು ಸಲಕ್ಕೆ ಇಪ್ಪತ್ತಾರು, ಅಮೆರಿಕಕ್ಕೆ ಮೂವತ್ತನಾಲ್ಕು. ಹೋದದ್ದು ನೂರು ಯೂರೋ. ಬಂದದ್ದು ಲೊರೀನ್‌ಳ ಒಂದು ಕಾಗದ. ನಡುಗುವ ಕೈಬರಹ, ನಾನೇ ಓದಿದ್ದೇನೆ: "ಡಬ್ಬಿ ಒಣಗಿತ್ತು. ಲೋಟದಲ್ಲಿದ್ದ ನೀರು ಕುಡಿದೆ. ತಣ್ಣಗಿತ್ತು."