ಇಪ್ಪತ್ತೇಳನೇ ಮರದ ಚೀಟಿ

ಅಲ್ಲ ಮಾರಾಯ ವಿಕ್ಟರ್, ನಗುವುದೆಂಥದ್ದು? ನಾನು ಹೇಳಿದ್ದರಲ್ಲಿ ಸುಳ್ಳೆಲ್ಲುಂಟು? ಈ ಸುವೈಕ್ ತೋಟದಲ್ಲಿ ಹನ್ನೊಂದು ವರ್ಷ ಮಾವು ತೂಗಿದ ಕೈ ಇದು! ಹಣ್ಣು ದಪ್ಪವಾದರೆ ಸಿಹಿ ಇಳಿಯುತ್ತದೆ. ಸಿಹಿ ಏರಿದರೆ ಸಿಪ್ಪೆ ತೆಳು, ಮಸ್ಕತ್ ಮುಟ್ಟುವುದರೊಳಗೆ ಕೊಳೆಯುತ್ತದೆ. ಒಂದು ಏರಿದರೆ ಇನ್ನೊಂದು ಇಳಿಯುವುದು... ನನ್ನ ಹೊಟ್ಟೆಯೂ ತಲೆಕೂದಲೂ ಇದ್ದ ಹಾಗೆ. ಹಾಂ, ಅದಕ್ಕೆ ಬೇಕಾದರೆ ನಗು.

ನೀನು ಬಂದು ಎರಡೇ ವರ್ಷ. ಎರಡೇ! ಈ ಪರೀಕ್ಷೆಯ ಸಾಲಲ್ಲಿ ಇಪ್ಪತ್ತೇಳನೇ ಮರ ಹುಡುಕಿ ಹಿಡಿದೆ... ಹಣ್ಣು ಮುಕ್ಕಾಲು ಕಿಲೋ, ಸಿಹಿಯೂ ಉಂಟು, ಸಿಪ್ಪೆಯೂ ಗಟ್ಟಿ. ನಮ್ಮ ಧಣಿ, ಕಫೀಲ್, ನಿನ್ನ ಭುಜ ತಟ್ಟಿದ. ತಳಿಗೆ ನಿನ್ನ ಮಗಳ ಹೆಸರಂತೆ, ಓಲಿವಿಯಾ! ನನಗೆ? ‘ಪ್ರೇಮನಾಥ, ಕಹ್ವಾ ತಾ’ ಅಂದ, ಕಾಫಿ ತರುವ ಕೆಲಸ! ಹೊಟ್ಟೆಕಿಚ್ಚಾ? ನನಗಾ? ಛೆ ಛೆ!... ಸ್ವಲ್ಪ.

ಹಾಂ, ಗರಗಸ ಶುರುವಾಯ್ತು. ನೀನು ಆರಿಸಿದ ಮರ ಬಿಟ್ಟು ಉಳಿದದ್ದೆಲ್ಲ ಇವತ್ತು ಖಲಾಸ್. ಮೊದಲು ಮೂವತ್ತೊಂದು. ಹುಳಿ ಮರ, ಹೋಗಲಿ... ನೀನು ಹೋಗಿ ಒಮ್ಮೆ ನೋಡುವುದಿಲ್ವಾ? ಎಂತಕ್ಕೆ ನನ್ನನ್ನೇ ನೋಡುವುದು? ಮರದ ನಂಬರ್ ಚೀಟಿ ಗಾಳಿಗೆ ಬೀಳುತ್ತದೆ, ಅದಲುಬದಲಾಗುವುದುಂಟು... ಮೊನ್ನೆ ನಾನು ತೋಟದ ಕಡೆ ಬರಲೇ ಇಲ್ಲ! ಸೀಬ್‌ನಲ್ಲಿ ಮನೆಯಲ್ಲೇ ಇದ್ದೆ. ನನ್ನ ಹೆಂಡತಿ ಸುಂದರಿಯನ್ನು ಕೇಳು. ...ಬೇಡ, ಅವಳನ್ನು ಕೇಳಬೇಡ.

ವಿಕ್ಟರ್, ಏಳು! ನಿಲ್ಲಿಸು ಅವರನ್ನು! ಅದು ಮೂವತ್ತೊಂದಲ್ಲ ಮಾರಾಯ, ನಿನ್ನ ಇಪ್ಪತ್ತೇಳು! ಚೀಟಿ ಬದಲಿಸಿದ್ದು ನಾನು... ತಮಾಷೆಗೆ! ಕಡಿಯುವ ಮೊದಲು ಸರಿಮಾಡುವಾ ಅಂತಿದ್ದೆ... ಇಲ್ಲ. ಹಾಗೆ ಅಂದುಕೊಂಡಿರಲಿಲ್ಲ.

ಯಾಕೆ ಏಳುವುದಿಲ್ಲ ನೀನು? ಕೈಯಲ್ಲಿ ಎಂತ ಅದು?

...ಬಾಳೆನಾರು. ಅಯ್ಯೋ. ಈ ತೋಟದಲ್ಲಿ ಎಲ್ಲರೂ ಚೀಟಿ ಕಟ್ಟುವುದು ತಂತಿಯಲ್ಲಿ. ನಾನು ಮೊನ್ನೆ ನಾರು ಸೀಳಿ, ಶಂಕರಪುರದಲ್ಲಿ ಅಮ್ಮ ಮಲ್ಲಿಗೆ ಕಟ್ಟಲು ಕಲಿಸಿದ ಗಂಟೇ ಹಾಕಿದ್ದೇನೆ. ಕೈ ಅಭ್ಯಾಸ! ನಿನ್ನ ಅಮ್ಮನೂ ಅಲ್ಲಿ ಮಲ್ಲಿಗೆ ಕಟ್ಟಿಯೇ ನಿನ್ನನ್ನು ಓದಿಸಿದ್ದಲ್ವಾ... ಮರೆತೇ ಬಿಟ್ಟೆ.

ಅಂದರೆ ಗಂಟು ನೋಡಿ ನಾನೇ ಅಂತ ಗೊತ್ತಾಗಿ, ಚೀಟಿ ಆಗಲೇ ಸರಿಮಾಡಿ ಬಂದು... ನಾನು ಬಾಯಿ ಬಿಡ್ತೇನಾ ಇಲ್ವಾ ಅಂತ ಕೂತದ್ದಾ?

ಬೈದಾದರೂ ಬಿಡು. ಆ ನಾರು ಜೇಬಿಗೆ ಹಾಕಬೇಡ... ವಿಕ್ಟರ್, ಆಗ ನಗ್ತಿದ್ದೆಯಲ್ಲ? ಈಗ ಒಮ್ಮೆ ನಗು ಮಾರಾಯ.