ಹತ್ತು ಖೋಲಿಗೆ ಒಂದೇ ತಂತಿ

ಡೋಣಿ ಹರಿದರೆ ಓಣಿ ತುಂಬ ಕಾಳು ಎನ್ನುತ್ತಾರೆ. ಸುನಂದಾಳ ಚಹಾದಂಗಡಿಯಲ್ಲಿ ಮಾತ್ರ ಡೋಣಿ ಹೊಳೆ ಉಕ್ಕಿದರೆ ಜನ ತುಂಬುತ್ತಾರೆ. ಆ ಸಂಜೆಯೂ ತಾಳಿಕೋಟೆಯ ಸೇತುವೆ ಮೇಲೆ ನೀರು ಬಂದು ಸಿಂದಗಿ ಬಸ್ಸು ನಿಂತಿತ್ತು. ಕಂಡಕ್ಟರ್ ಅಮಿತ, "ನೀರು ಇಳದ ಕೂಡ್ಲೆ ಫೋನ್ ಮಾಡ್ತೇನಿ, ಅಕ್ಕಾರ" ಎಂದು ಆಕೆಯ ನಂಬರು ತೆಗೆದುಕೊಂಡು ಸೇತುವೆಯ ಕಡೆ ಹೋಗಿದ್ದ. ಏಳೆಂಟು ಮಂದಿ ಒದ್ದೆ ಚೀಲಗಳ ಸಮೇತ ಒಲೆಯ ಸುತ್ತ ಕೂತಿದ್ದರು. ಮಳೆಯ ಎರಚಲು ಭಜಿ ಹಿಟ್ಟಿನವರೆಗೂ ಬಂದಾಗ ಸುನಂದಾ ಶಟರ್ ಎಳೆಯಲು ಎದ್ದಳು.

"ಬ್ಯಾಡವ್ವಾ… ನಾ ಒಳಗ ಇರೂತನಕಾ ಅದನ್ನ ಮುಚ್ಚಬ್ಯಾಡ."

ಹಾಗೆ ಅಂದವನು ಶ್ರೀಶೈಲಪ್ಪ, ಮುದ್ದೇಬಿಹಾಳದ ಮುದುಕ, ನೌಕಾಪಡೆಯಿಂದ ನಿವೃತ್ತನಾದ ಆಫೀಸರ್. ಪ್ರತಿ ಮಳೆಗಾಲವೂ ಸಿಂದಗಿ ಬಸ್ಸು ಹಿಡಿಯಲೆಂದು ಇಲ್ಲಿಯವರೆಗೆ ಬಂದು, ಒಂದು ಚಹಾ ಕುಡಿದು, ಬಂದ ದಾರಿಯಲ್ಲೇ ವಾಪಸು ಹೋಗುತ್ತಿದ್ದ. ತಲೆ ಸ್ವಲ್ಪ ಸಡಿಲ ಎಂದೇ ಸುನಂದಾ ತಿಳಿದಿದ್ದಳು.

"ಹಡಗಿನ ಮಂದಿಗೆ ನೀರಂದ್ರ ಭಾಳ ಪ್ರೀತಿ ಕಾಣತೈತಿ, ಅಜ್ಜಾರ. ನನ್ನ ಹಿಟ್ಟು ತೊಯ್ಯಾಕತ್ತೈತಿ!"

ಎಲ್ಲರೂ ನಕ್ಕರು. ಅವನು ನಗಲಿಲ್ಲ.

"ಮುಚ್ಚಿದ ಬಾಗಲಾ ನನಗ ಆಗೂದಿಲ್ಲ… ಯಾಕಂತ ಹೇಳ್ತೇನಿ, ಕೇಳ್ರಿ. ಕೇಳಿದಮ್ಯಾಲ ಬೇಕಾದ್ರ ಈ ಮುದುಕನ ಮುಖಕ್ಕ ಉಗುಳ್ರಿ.

"ಇಪ್ಪತ್ನಾಕು ವರ್ಷದಾಂವ ನಾ, ಯುದ್ಧದ ಹಡಗಿನ್ಯಾಗ ಹೊಸಾ ಆಫೀಸರ. ಡೆಸ್ಟ್ರಾಯರ್ ಅಂತಾರ ಅದಕ್ಕ… ಹೊಟ್ಟಿ ತುಂಬ ಖೋಲಿ, ಖೋಲಿಗೊಂದು ಕಬ್ಬಿಣದ ಬಾಗಲಾ. ಡೋಣಿ, ಕೃಷ್ಣಾ ಬಿಟ್ರ ಬ್ಯಾರೆ ನೀರು ಕಂಡಿರದ ಜ್ವಾಳದ ರೊಟ್ಟಿ ಮನಶ್ಯಾ ನಾ! ಅಲ್ಲಿ ಎಲ್ಲಾರೂ ದೊಡ್ಡ ಶಹರದಾವ್ರು, ಇಂಗ್ಲಿಷ್ ಸಾಲಿ ಕಲತಾವ್ರು. ಯಾವೂರು ಅಂದ್ರ ಪುಣೆ ಅಂದೆ. ಕನ್ನಡಾ? ಬರೂದಿಲ್ಲಂದೆ. ನಮ್ಮವ್ವನ ಮಾತು… ಬರೂದಿಲ್ಲಂದೆ. ಸಿಂದಗಿ ಕಡೆ ದೇವಣಗಾಂವದ ಹುಡುಗ ಒಬ್ಬಾಂವ ಅಲ್ಲೇ ಸಿಪಾಯಿ ಇದ್ದ, ಯಲ್ಲಾಲಿಂಗ ಅಂತ. ಮೊದಲ ದಿನ ಸಮುದ್ರದ ಹೊಯ್ದಾಟಕ್ಕ ವಾಂತಿ ಮಾಡ್ಕೋತ 'ಯವ್ವಾ' ಅಂದಿದ್ದೆ, ಗುರತು ಹಿಡ್ಯಾಕ ಅವನಿಗೆ ಅಷ್ಟ ಸಾಕಾತು. 'ನಮ್ಮ ಕಡ್ಯಾವ್ರೇನ್ರಿ ಸಾಹೇಬ್ರ?' ಅಂತ ಓಡಿ ಬಂದಾ, ಕೈಯಾಗ ಅವರವ್ವ ಕಟ್ಟಿಕೊಟ್ಟ, ರೊಟ್ಟಿಗೆ ಹಚ್ಕೊಳ್ಳೂ ಶೇಂಗಾ ಹಿಂಡಿ. ಎಲ್ಲಾರ ಮುಂದ ನಾ ಏನು ಮಾಡಿದೆ ಗೊತ್ತೇನು? 'ಹಿಂದಿಯಾಗ ಮಾತಾಡು' ಅಂತ ಬೈದೆ.

"ಮುಂದ ಒಂದಿನಾ ಮಧ್ಯಾಹ್ನ ಕೆಳಗ ಸ್ಟೋರ್ ಖೋಲಿಗೆ ಬೆಂಕಿ ಹತ್ತಿತು. ಹಡಗಿನ ಕಾಯ್ದೆ ಏನು? ಮಂದಿನ್ನ ಹೊರಗ ತಗೀಬೇಕು, ಬಾಗಲಾ ಬಿಗೀಬೇಕು, ಗ್ಯಾಸ್ ಬಿಡಬೇಕು. ಆ ಗ್ಯಾಸಿಗೆ ಬೆಂಕೀನೂ ಸಾಯತೈತಿ, ಮನಶ್ಯಾನೂ ಸಾಯ್ತಾನ. ಮ್ಯಾಲ ಫೋನ್ ಹಿಡದು ಕುಂತಾಂವ ನಾ. ಹತ್ತು ಖೋಲಿಗೆ ಒಂದ ತಂತಿ… ಯಾವ ಖೋಲ್ಯಾಗಿಂದ ಅಂತ ಮಾತಾಡಿದಾಂವ ಹೇಳಿದ್ರನ ಗೊತ್ತು. ಎಲ್ಲಾರೂ ಹೊರಗ ಬಂದಾರಂತ ತಿಳದು ಬಾಗಲಾ ಬಿಗದ್ರು. ಅಷ್ಟೊತ್ತಿಗೆ ಕಿವ್ಯಾಗ ಯಲ್ಲಾಲಿಂಗನ ದನಿ ಬಂತು, ಕೆಮ್ಮಿಕೋತ… 'ಸಾಹೇಬ್ರ, ಸ್ಟೋರಿನ್ಯಾಗ ಅದೇನಿ, ಬಾಗಲಾ ತಗೀರಿ!' ಸಾಯೂ ಹೊತ್ತಿಗೆ ಹಿಂದಿ ಯಾರಿಗೆ ನೆನಪಾಕ್ಕೈತ್ರಿ? ಬಾಜೂಕ ನಿಂತ ದೊಡ್ಡ ಸಾಹೇಬ ಕೇಳಿದಾ, ಯಾರಂವಾ, ಎಲ್ಲಿಂದಾ? ಹೇಳಿದ್ರ… ನಿನಗ ಹೆಂಗ ತಿಳೀತು ಅಂತಾರಲ್ಲಾ! ಪುಣೆಯಾಂವ ಸಿಕ್ಕಬಿದ್ದಾ ಅಂತ ನಗತಾರಲ್ಲಾ! ಅದಕ್ಕ ನಾ ಅಂದದ್ದು, 'ಸಮಝಾ ನಹೀಂ, ಸರ್.' ತಿಳೀಲಿಲ್ಲಂತ. ಗ್ಯಾಸ್ ಬಿಟ್ರು."

ಒಲೆಯ ಮೇಲೆ ಚಹಾ ಉಕ್ಕಿ ಸುರಿಯಿತು. ಸುನಂದಾ ನೋಡಲಿಲ್ಲ.

"ಹೆಣದ ಪೆಟಗಿ ಜೋಡಿ ದೇವಣಗಾಂವಕ್ಕ ನನ್ನನ್ನ ಕಳಿಸಿದ್ರು, ಇನ್ನೊಬ್ಬ ಆಫೀಸರನೂ ಬಂದಿದ್ದ. ಹುಡುಗನ ತಾಯಿ ರೇವವ್ವ ನನ್ನ ಕೈ ಹಿಡದು ಕೇಳಿದ್ಲು, 'ಕಡೀಕ ನನ್ನ ಮಗಾ ಏನಂದ್ನೋ ಯಪ್ಪಾ?' ಆ ತಾಯಿಗೂ ಅದನ್ನ ಅಂದೆ ನಾ… ಸಮಝಾ ನಹೀಂ. ನಾಚಿಕಿಗೇಡಿ! ಆಕಿ ಇನ್ನೂ ಅದಾಳ, ಎಂಬತ್ತೈದು ದಾಟ್ಯಾಳ. ಖರೇ ಹೇಳಿ ಕಾಲು ಹಿಡೀಬೇಕಂತ ಪ್ರತಿ ವರ್ಷಾ ಹೊರಡ್ತೇನಿ. ಇಲ್ಲಿಗೆ ಬರೂದ್ರಾಗ ಒಂದು ಫೋನ್ ಬರತೈತಿ. ಕಿವಿಗೆ ಹಿಡೀತೇನಿ… ತಿರುಗಿ ಹೋಗ್ತೇನಿ. ಅದಕ್ಕ ಈ ಸಲ ನನ್ನ ಫೋನ್ ಮನ್ಯಾಗ ಇಟ್ಟು ಬಂದೇನಿ."

ಅಷ್ಟರಲ್ಲಿ ಸುನಂದಾಳ ಫೋನು ಬಡಿದುಕೊಂಡಿತು. ಅಮಿತನೇ ಇರಬೇಕು, ನೀರು ಇಳಿದಿರಬೇಕು ಎಂದು ಆಕೆ ಕಿವಿಗೆ ಹಿಡಿದಳು. ಅತ್ತ ಕಡೆ ಮಳೆಯ ಸದ್ದಿರಲಿಲ್ಲ. ಮುಚ್ಚಿದ ತಗಡಿನ ಡಬ್ಬಿಯೊಳಗೆ ಯಂತ್ರ ಗುಂಯ್‌ಗುಟ್ಟುವಂತೆ ಏನೋ ಕೇಳಿಸುತ್ತಿತ್ತು. ಯಾರೋ ಕೆಮ್ಮಿದರು.

"ಅಕ್ಕಾರ, ಫೋನ್ ಸಾಹೇಬ್ರ ಕೈಯಾಗ ಕೊಡ್ರಿ," ಎಂದಿತು ಹರೆಯದ ದನಿ, ಬಹಳ ಮರ್ಯಾದೆಯಿಂದ. "ಅವ್ರಿಗೆ ಕನ್ನಡಾ ಬರತೈತಿ."

ಸುನಂದಾ ಫೋನು ಚಾಚಿದಳು. ಮುದುಕ ಎರಡೂ ಕೈಯಲ್ಲಿ ಹಿಡಿದುಕೊಂಡ. ತುಟಿ ಅಲುಗಿತು, ಮತ್ತೆ ಅಲುಗಿತು.

"ಒಂದು ಮಾತು ಅನ್ರಿ ಅಜ್ಜಾರ… ಬರೇ ಹೂಂ ಅನ್ರಿ," ಎಂದು ಆಕೆ ಅಂಗಲಾಚಿದಳು.

"ಸಮಝಾ ನಹೀಂ," ಎಂದ ಶ್ರೀಶೈಲಪ್ಪ.

ಫೋನು ಕೆಳಗಿಟ್ಟು ಟವೆಲಿನಲ್ಲಿ ಮುಖ ಮುಚ್ಚಿಕೊಂಡ. "ಕೇಳಿದ್ರಿಲ್ಲೋ? ನಲವತ್ತು ವರ್ಷಾತು… ಆ ದನಿಗೆ ನನ್ನ ಬಾಯಾಗ ಬ್ಯಾರೆ ಮಾತು ಬರೂದಿಲ್ಲ. ಅಂವಾ ಇನ್ನೂ ಒಳಗ ಅದಾನ."

ಆಗ ಬಾಗಿಲಲ್ಲಿ ಅಮಿತ ತೊಯ್ದು ತೊಪ್ಪೆಯಾಗಿ ನಿಂತಿದ್ದ. "ನೀರು ಇಳದೈತಿ, ಬರ್ರಿ ಬರ್ರಿ! ನನ್ನ ಫೋನ್ ನೀರಾಗ ಬಿತ್ತು, ಅದಕ್ಕ ನಾನ ಬಂದೆ."

ಎಲ್ಲರೂ ಸಿಂದಗಿ ಬಸ್ಸು ಹತ್ತಿದರು. ಶ್ರೀಶೈಲಪ್ಪ ರಸ್ತೆ ದಾಟಿ ಮುದ್ದೇಬಿಹಾಳದ ಬಸ್ಸಿಗೆ ನಿಂತ. ಮಳೆ ಮತ್ತೆ ಹಿಡಿಯಿತು. ಭಜಿ ಹಿಟ್ಟೆಲ್ಲ ತೊಯ್ದು ಮುದ್ದೆಯಾದರೂ ಸುನಂದಾ ಆ ದಿನ ಶಟರ್ ಎಳೆಯಲಿಲ್ಲ.